ಇನ್ನೂರ ನಲವತ್ತು ಸೈನಿಕರು ಮತ್ತು ಒಂದು ಕರಟ ವಾರ್ನಿಷು



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿರುವ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ನನ್ನ ಸೇವೆಯ ಬಹುಭಾಗ ಕಳೆಯಿತು. ಎಲ್ಲಿಗೆ ವರ್ಗವಾದರೂ ಪಾಠದ ಜೊತೆಗೆ ವಸ್ತುಪ್ರದರ್ಶನದ ಹೊಣೆಯೂ ನನ್ನ ಹೆಗಲಿಗೇ ಬರುತ್ತಿತ್ತು. ನಿಧಾನವಾಗಿ ಮಾಡಿದ ಕೆಲಸವೇ ಒಳ್ಳೆಯ ಕೆಲಸ, ಬೇಗ ಮುಗಿಸುವವನು ಕಳ್ಳ ಎಂದು ಮಕ್ಕಳಿಗೆ ಹೇಳುತ್ತಲೇ ಬಂದೆ. ಅದು ಅರ್ಧ ತಪ್ಪು ಎಂದು ಈಗ ನನಗೆ ಅನ್ನಿಸಿದೆ. ಆ ತಪ್ಪಿನಿಂದ ಒಬ್ಬ ಹುಡುಗನಿಗೆ ಅನ್ಯಾಯವೂ ಆಯಿತು. ಅದನ್ನು ಬರೆದಿಡುವುದು ನನ್ನ ಕರ್ತವ್ಯ.

1984ರ ಮಾತು. ತಾಲ್ಲೂಕು ಮಟ್ಟದ ಪ್ರದರ್ಶನಕ್ಕೆಂದು ನಮ್ಮ ಶಾಲೆಯಿಂದ ಮಧುಗಿರಿ ಕೋಟೆಯ ಮಾದರಿಯನ್ನು ಮಾಡಲು ಹೊರಟೆವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಕೆಳದಿಯ ರಾಣಿ ವೀರಮ್ಮಾಜಿಯನ್ನು ಈ ಕೋಟೆಯಲ್ಲಿಯೇ ಸೆರೆಯಿಟ್ಟಿದ್ದನು. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದು ಆಕೆಯನ್ನು ಬಿಡಿಸಿದರು. ಆ ಮುತ್ತಿಗೆಯನ್ನು ತೋರಿಸಬೇಕಾದರೆ ಸೈನ್ಯ ಬೇಕಷ್ಟೆ? ಕೆರೆಯ ಜೇಡಿಮಣ್ಣನ್ನು ಅಚ್ಚಿಗೊತ್ತಿ, ಒಂದೂವರೆ ಅಂಗುಲದ ಇನ್ನೂರ ನಲವತ್ತು ಸೈನಿಕರನ್ನು ಮಕ್ಕಳು ನಾಲ್ಕು ದಿನದಲ್ಲಿ ಮಾಡಿ ಒಣಗಿಸಿಬಿಟ್ಟರು. ತೊಡಕು ಹುಟ್ಟಿದ್ದು ಬಣ್ಣದಲ್ಲಿ.

ಪ್ರತಿಯೊಬ್ಬ ಸೈನಿಕನ ಅಂಗಿಯ ಮಡಿಕೆ, ಮುಂಡಾಸಿನ ಸುತ್ತು, ಕಂಕುಳು, ಇವುಗಳಿಗೆಲ್ಲ ಅತಿ ಸಣ್ಣ ಬ್ರಷ್ಷಿನಿಂದ ಗಾಢವರ್ಣದ ನೆರಳುಗೆರೆ ಎಳೆಯಬೇಕೆಂಬುದು ನನ್ನ ಕಟ್ಟಪ್ಪಣೆ. ಒಬ್ಬೊಬ್ಬನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕೈ ಪಳಗಿದವರು ನಾಲ್ವರೇ ಮಕ್ಕಳು. ದಿನಕ್ಕೆ ಒಂದು ಗಂಟೆ. ಅಂದರೆ ದಿನಕ್ಕೆ ಹನ್ನೆರಡು ಸೈನಿಕರು. ಉಳಿದಿದ್ದುದು ಹನ್ನೆರಡೇ ದಿನ. ಗಣಿತವನ್ನೂ ಬೋಧಿಸುತ್ತಿದ್ದ ನನಗೆ ಈ ಲೆಕ್ಕ ಹೊಳೆಯಲಿಲ್ಲವೆಂದರೆ ನೀವು ನಗಬಹುದು. ಹಟವು ಲೆಕ್ಕವನ್ನು ಮರೆಸುತ್ತದೆ.

ಪ್ರದರ್ಶನದ ಹಿಂದಿನ ಸಂಜೆ ತೊಂಬತ್ತಾರು ಸೈನಿಕರು ಬರಿ ಮಣ್ಣಾಗಿಯೇ ಉಳಿದಿದ್ದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಕುಂಬಾರರ ಮನೆಯವನು, ಅವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಮನೆಗೆ ಹೋದ. ಬೆಳಗ್ಗೆ ತಂದಾಗ ಅಷ್ಟಕ್ಕೂ ಬಣ್ಣವಾಗಿತ್ತು! ಕೊರಟಗೆರೆಯಲ್ಲಿ ಗೌರಿ ಗಣೇಶರ ಮೂರ್ತಿಗಳಿಗೆ ಬಣ್ಣ ಹಾಕುತ್ತಿದ್ದ ಅವನ ಸೋದರಮಾವನ ಉಪಾಯವದು. ಮೊದಲು ಒಂದೇ ಬಳಿತದ ಬಣ್ಣ. ಅನಂತರ ಕರಟದಲ್ಲಿ ಬಾಗಿಲಿಗೆ ಬಳಿಯುವ ಕಂದು ವಾರ್ನಿಷನ್ನು ಟರ್ಪೆಂಟೈನಿನಿಂದ ತೆಳುವಾಗಿಸಿ ಗೊಂಬೆಯ ಮೈಗೆಲ್ಲ ಸವರುವುದು. ಉಬ್ಬಿದ ಭಾಗಗಳನ್ನು ಬಟ್ಟೆಯಿಂದ ಒರೆಸುವುದು. ತಗ್ಗುಗಳಲ್ಲಿ ನಿಂತ ಕಂದೇ ನೆರಳು.

ನಾನು ನೋಡಿದ್ದು ಅಂಟು ಆರದ, ಹೊಳೆಯುವ, ಕಂದು ಕಂದಾದ ಗೊಂಬೆಗಳನ್ನು ಮಾತ್ರ. "ಇದೇನು ಕೊಳೆ ಬಳಿದು ತಂದಿದ್ದೀಯ? ಮೈಗಳ್ಳತನಕ್ಕೂ ಮಿತಿ ಬೇಡವೇ?" ಎಂದು ಎಲ್ಲರೆದುರಿಗೆ ಗದರಿಸಿ ಬುಟ್ಟಿಯನ್ನು ಮೇಜಿನ ಕೆಳಗೆ ತಳ್ಳಿದೆ. ಅವನು ಮಾತನಾಡಲಿಲ್ಲ. ನೂರ ನಲವತ್ತನಾಲ್ಕು ಸೈನಿಕರನ್ನಷ್ಟೇ ನಿಲ್ಲಿಸಿದೆವು. ಕೋಟೆಯ ಹಿಂಭಾಗ ಬಯಲಾಗಿಯೇ ಉಳಿಯಿತು. ತೀರ್ಪುಗಾರರು ಬಂದು, "ಈ ಕಡೆ ಕಾವಲೇ ಇಲ್ಲವಲ್ಲ ಮೇಷ್ಟ್ರೆ?" ಎಂದು ಕೇಳಿ ಮುಂದೆ ನಡೆದರು. ನಾವು ಅಷ್ಟು ಕಷ್ಟಪಟ್ಟು ಎಳೆದ ನೆರಳುಗೆರೆಗಳನ್ನು ಅವರು ಬಾಗಿ ನೋಡಲೂ ಇಲ್ಲ. ಮಾರು ದೂರದಿಂದ ಅವು ಕಾಣುತ್ತಲೇ ಇರಲಿಲ್ಲ.

ಇದು ಮತ್ತೆ ನೆನಪಾದದ್ದು ಇಂಗ್ಲೆಂಡಿನಲ್ಲಿರುವ ಮೊಮ್ಮಗನ ದೆಸೆಯಿಂದ. ಅಲ್ಲಿ ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಆಡುವ ಯುದ್ಧದಾಟವೊಂದಿದೆ. 1913ರಲ್ಲಿಯೇ ಕಾದಂಬರಿಕಾರ ಎಚ್.ಜಿ. ವೆಲ್ಸ್ ಇಂತಹ ಆಟಕ್ಕೆ ನಿಯಮಗಳನ್ನು ರೂಪಿಸಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದಿದ್ದನು. ಒಂದು ಪಡೆಗೆ ನೂರಾರು ಗೊಂಬೆಗಳೂ ಬೇಕಾಗುವುದುಂಟು. ರಜೆಗೆ ಬಂದ ಮೊಮ್ಮಗ ಜಗುಲಿಯಲ್ಲಿ ಕುಳಿತು ಸಾಲಾಗಿ ನಿಲ್ಲಿಸಿದ ಗೊಂಬೆಗಳ ಮೇಲೆ ಕಂದು ನೀರಿನಂಥದೇನನ್ನೋ ಸವರುತ್ತಿದ್ದ. "ಕೊಳೆ ಮಾಡುತ್ತಿದ್ದೀಯಲ್ಲೋ" ಎಂದೆ. "ಕೊಳೆಯಲ್ಲ ತಾತ, ಇದು ನೆರಳು. ಒಣಗಲಿ, ಆಮೇಲೆ ನೋಡಿ" ಎಂದ. ನೋಡಿದೆ. ಮುಖ, ಬೆರಳು, ಅಂಗಿಯ ಮಡಿಕೆ ಎಲ್ಲವೂ ಎದ್ದು ಕಾಣುತ್ತಿದ್ದವು. ನನ್ನ ಕಣ್ಣಿಗೆ ಕಟ್ಟಿದ್ದು ಮಾತ್ರ ಆ ಬುಟ್ಟಿ.

ನೆರಳನ್ನು ಬಳಿಯಬೇಕಾದರೂ ಏಕೆ? ಆಳೆತ್ತರದ ಮನುಷ್ಯನ ಬಟ್ಟೆಯ ಮಡಿಕೆ ಆಳವಾಗಿರುತ್ತದೆ. ಬೆಳಕು ತಾನಾಗಿಯೇ ಅಲ್ಲಿ ನೆರಳು ಕೆಡಹುತ್ತದೆ. ಒಂದೂವರೆ ಅಂಗುಲದ ಗೊಂಬೆಯಲ್ಲಿ ಮಡಿಕೆಯ ಆಳ ಕೂದಲೆಳೆಯಷ್ಟು. ಅದರ ನೆರಳು ನಮ್ಮ ಕಣ್ಣಿಗೆ ನಿಲುಕದು. ಆದ್ದರಿಂದ ಅದನ್ನು ಬಣ್ಣದಿಂದಲೇ ತುಂಬಿಕೊಡಬೇಕು. ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಮಳೆನೀರು ಹರಿದ ಜಾಡುಗಳಲ್ಲಿ ಬಂಡೆ ಕಪ್ಪಾಗಿದೆ, ಉಬ್ಬಿದ ಕಡೆ ಬೆಳ್ಳಗಿದೆ. ನಡುಹಗಲಿನ ಬಿಸಿಲಿನಲ್ಲಿಯೂ ಬೆಟ್ಟದ ಏರುತಗ್ಗು ತೋರುವುದು ಆ ಕಪ್ಪು ಜಾಡುಗಳಿಂದ. ಬೆಟ್ಟಕ್ಕೆ ಯಾರೂ ಸಣ್ಣ ಬ್ರಷ್ಷಿನಿಂದ ಗೆರೆ ಎಳೆಯಲಿಲ್ಲ. ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿತು.

ಶಾಲೆಯ ಮಾದರಿಗೋ ದಸರಾ ಗೊಂಬೆಗಳಿಗೋ ಇದನ್ನು ಬಳಸಬಯಸುವ ಅಧ್ಯಾಪಕ ಮಿತ್ರರಿಗೆ ಕೆಲವು ಸೂಚನೆಗಳು. ಒಬ್ಬ ಸೈನಿಕನನ್ನು ಪೂರ್ತಿ ಮುಗಿಸಿ ಇನ್ನೊಬ್ಬನಿಗೆ ಹೋಗಬೇಡಿ. ಎಲ್ಲರ ಅಂಗಿಗೆ ಒಮ್ಮೆಗೇ, ಅನಂತರ ಎಲ್ಲರ ಮುಂಡಾಸಿಗೆ, ಹೀಗೆ ಬಣ್ಣದ ಸರದಿಯಲ್ಲಿ ಸಾಗಿರಿ. ವಾರ್ನಿಷು ಎಲ್ಲವನ್ನೂ ತುಸು ಕಪ್ಪಾಗಿಸುವುದರಿಂದ ತಳಬಣ್ಣ ಬೇಕಾದುದಕ್ಕಿಂತ ಹೆಚ್ಚು ತಿಳಿಯಾಗಿರಲಿ. ಪೋಸ್ಟರ್ ಬಣ್ಣದ ಮೇಲೆ ನೀರುಬಣ್ಣ ಸವರಿದರೆ ತಳಬಣ್ಣವೇ ಕರಗಿ ಎದ್ದುಬರುತ್ತದೆ; ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ವಾರ್ನಿಷಿಗೆ ಆ ದೋಷವಿಲ್ಲ. ಪಾದದ ಬಳಿ, ಕಂಕುಳಲ್ಲಿ ಹನಿ ನಿಲ್ಲದಂತೆ ಒರೆಸಿ, ಒಂದು ರಾತ್ರಿ ಆರಲು ಬಿಡಬೇಕು. ಕೊನೆಗೆ ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಒಣಗಿದಂತಾದ ಕೂದಲಿನಿಂದ ಉಬ್ಬುಗಳ ಮೇಲೆ ಹಗುರವಾಗಿ ಆಡಿಸಿದರೆ ಬಿಸಿಲು ಬಿದ್ದ ಹಾಗೆ ಕಾಣುತ್ತದೆ. ಮೊಮ್ಮಗನಂಥವರು ಇನ್ನೊಂದು ಕ್ರಮವನ್ನೂ ಅನುಸರಿಸುತ್ತಾರೆ: ಮೊದಲು ಗೊಂಬೆಗೆಲ್ಲ ಕಪ್ಪು, ಆಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿ ಸಿಂಪಡಿಸಿ, ಅದರ ಮೇಲೆ ತೆಳುಬಣ್ಣ. ಮೇಲಿನಿಂದ ಬೆಳಕು ಬಿದ್ದಂತೆ ನೆರಳು ಮೊದಲೇ ಸಿದ್ಧವಾಗಿರುತ್ತದೆ.

ಟರ್ಪೆಂಟೈನಿನ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ. ಬಯಲಿನಲ್ಲಿ, ಬೆಂಕಿಯಿಂದ ದೂರ, ಹಿರಿಯರ ಎದುರಿನಲ್ಲಿಯೇ ಈ ಕೆಲಸ ನಡೆಯಲಿ. ನೀರಿಗೆ ಬಿಡುವ ಗಣೇಶನಿಗಂತೂ ವಾರ್ನಿಷು ಸಲ್ಲದು. ಅವನು ಬರಿ ಮಣ್ಣಿನಲ್ಲಿಯೇ ಚೆನ್ನ.

ಹೀಗೆ ಸುಲಭದ ದಾರಿ ತೋರಿಸಿದರೆ ಮಕ್ಕಳು ತಾಳ್ಮೆ ಕಲಿಯುವುದೆಂತು ಎಂದು ಕೇಳುವವರುಂಟು. ನಾನೂ ಅದನ್ನೇ ಕೇಳುತ್ತಿದ್ದೆ. ಈ ಕ್ರಮದಲ್ಲಿ ಒಬ್ಬ ಸೈನಿಕನಿಗೆ ಐದು ನಿಮಿಷ. ಇನ್ನೂರ ನಲವತ್ತಕ್ಕೆ ಇಪ್ಪತ್ತು ಗಂಟೆ. ಆ ನಾಲ್ವರು ಮಕ್ಕಳಿಗೆ ಐದು ದಿನದ ಕೆಲಸ. ಉಳಿದ ಏಳು ದಿನಗಳಲ್ಲಿ ವೀರಮ್ಮಾಜಿಯ ಮುಖವೊಂದನ್ನೇ ಬೇಕಾದಷ್ಟು ತಾಳ್ಮೆಯಿಂದ ಬರೆಯಬಹುದಿತ್ತು. ನೋಡುವವನ ಕಣ್ಣು ನಿಲ್ಲುವುದು ಅಲ್ಲಿ. ಗುಂಪನ್ನು ಗುಂಪಾಗಿ ಕಾಣಿಸುವುದು ಒಂದು ವಿದ್ಯೆ, ಒಂದು ಮುಖವನ್ನು ಮುಖವಾಗಿ ಕಾಣಿಸುವುದು ಇನ್ನೊಂದು. ಎರಡಕ್ಕೂ ಒಂದೇ ಅಳತೆಗೋಲು ಹಿಡಿದವನು ಎರಡನ್ನೂ ಕೆಡಿಸುತ್ತಾನೆ.

ಕಳೆದ ಗೌರಿಹಬ್ಬದ ಹೊತ್ತಿಗೆ ಅವನನ್ನು ಹುಡುಕಿಕೊಂಡು ಕೊರಟಗೆರೆಗೆ ಹೋಗಿದ್ದೆ. ಅವನಿಗೂ ತಲೆ ನರೆತಿದೆ. ಅಂದಿನದು ನನ್ನ ತಪ್ಪೆಂದು ಹೇಳಿದೆ. ಅವನು ಕಾಫಿ ತರಿಸಿಕೊಟ್ಟು, "ಬೈದಿದ್ದು ಬಿಡಿ ಸಾರ್, ಮೇಷ್ಟ್ರು ಬೈಯೋದೇ. ಇದನ್ನ ಹೆಂಗೆ ಮಾಡ್ದೆ ಕಣೋ ಅಂತ ಒಂದು ಮಾತು ಕೇಳ್ತೀರೇನೋ ಅಂತ ದಾರಿಯುದ್ದಕ್ಕೂ ಅಂದ್ಕೊಂಡು ಬಂದಿದ್ದೆ" ಎಂದ.

ಮೂವತ್ತಕ್ಕೂ ಮೀರಿ ವರ್ಷ ಪಾಠ ಹೇಳಿದವನು ನಾನು. ಆ ಒಂದು ಪ್ರಶ್ನೆ ಕೇಳಲು ನನಗೆ ಅಂದು ಬಾಯಿ ಬರಲಿಲ್ಲ. ಅಧ್ಯಾಪಕರಾಗಿರುವ ನನ್ನ ಶಿಷ್ಯರು, ನಿಮ್ಮ ತರಗತಿಯಲ್ಲಿ ಯಾವ ಮಗುವಾದರೂ ಕೆಲಸವನ್ನು ಬೇಗ ಮುಗಿಸಿ ತಂದರೆ, ಮೊದಲು ಅದನ್ನು ಕೇಳಿರಿ.