ಒಂದು ಪಿನ್, ಎರಡು ತೂತು

ಬಜ್ಪೆಯಿಂದ ವಿಮಾನ ಮೇಲೇರಿ ಅರ್ಧ ನಿಮಿಷವೂ ಆಗಿರುವುದಿಲ್ಲ, ಕಾಲಡಿಯಲ್ಲಿ ಗಡಗಡ ಅಂತ ಶುರುವಾಗಿ ಕೊನೆಗೆ ‘ದಡ್’ ಅಂತ ಒಂದು ಸದ್ದು. ಮೊದಲ ಸಲ ಮುಂಬೈಗೋ ದುಬೈಗೋ ಹೊರಟ ಕಾಪು, ಕಾರ್ಕಳದ ಹುಡುಗರು ಪಕ್ಕದವರ ಮುಖ ನೋಡುವುದು ಆಗಲೇ. ಹೆದರುವಂಥದ್ದು ಎಂತ ಇಲ್ಲ ಮಾರಾಯ್ರೆ. ಗಾಲಿಗಳು ಮಡಚಿ ವಿಮಾನದ ಹೊಟ್ಟೆ ಸೇರಿಕೊಂಡ ಸದ್ದು ಅದು.

ನಮ್ಮ ಕಡೆ ವಿಮಾನದ ಮಾತು ಬಂದರೆ 2010ರ ಮೇ 22 ನೆನಪಾಗದೆ ಇರುವುದಿಲ್ಲ. 158 ಜನರನ್ನು ಕಳೆದುಕೊಂಡ ಆ ದುರಂತಕ್ಕೆ ಗಾಲಿ ಕಾರಣ ಅಲ್ಲ. ಸರಿಯಿಲ್ಲದ ಅಪ್ರೋಚನ್ನು ಕೈಬಿಟ್ಟು ಮತ್ತೆ ಮೇಲೇರದೆ, ರನ್‌ವೇಯಲ್ಲಿ ತುಂಬ ಮುಂದೆ ಹೋಗಿ ಇಳಿದದ್ದು ಕಾರಣ ಅಂತ ತನಿಖೆ ಹೇಳಿತು. ಗಾಲಿ ಕೈಕೊಟ್ಟದ್ದಕ್ಕೆ ನಮ್ಮ ರಾಜ್ಯದ ಉದಾಹರಣೆ ಬೇಕಿದ್ದರೆ 2023ರ ಜುಲೈ 11 ನೋಡಿ. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಹೊರಟ ಪುಟ್ಟ ಪ್ರೀಮಿಯರ್ 1ಎ ಜೆಟ್‌ನ ಮೂಗಿನ ಗಾಲಿ ಕೆಳಗೆ ಬರಲೇ ಇಲ್ಲ. ಅಲ್ಲಿಗೇ ವಾಪಸ್ ಬಂದು, ಹಿಂದಿನ ಗಾಲಿಗಳ ಮೇಲೆ ಇಳಿದು, ಮೂಗನ್ನು ರನ್‌ವೇಗೆ ಉಜ್ಜಿಕೊಂಡೇ ನಿಂತಿತು. ಒಳಗಿದ್ದ ಇಬ್ಬರು ಪೈಲಟ್‌ಗಳಿಗೂ ಏನೂ ಆಗಲಿಲ್ಲ. ಫೋನಿನಲ್ಲಿ ಆ ವಿಡಿಯೊ ನೋಡಿದವರು ತುಂಬ ಜನ ಇದ್ದೀರಿ.

ಆಕಾಶದಲ್ಲಿ ಆಗುವುದರ ವಿಡಿಯೊ ಬರುತ್ತದೆ. ನೆಲದ ಮೇಲೆ ಆಗುವ ತಪ್ಪಿನದ್ದು ಅಪರೂಪ.

ವಿಮಾನ ನಿಂತಿರುವಾಗ ಗಾಲಿ ಅಪ್ಪಿತಪ್ಪಿ ಮಡಚಬಾರದು ಅಂತ ಲಾಕ್ ಪಿನ್ ಹಾಕುತ್ತಾರೆ. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಲೋಹದ ಕಡ್ಡಿ, ಅದಕ್ಕೆ ಉದ್ದದ ಕೆಂಪು ಪಟ್ಟಿ, ‘ಹಾರುವ ಮೊದಲು ತೆಗೆಯಿರಿ’ ಅಂತ ಅದರ ಮೇಲೆ. ತೆಗೆಯಲು ಮರೆತರೆ ಮೇಲೇರಿದ ಮೇಲೆ ಗಾಲಿ ಮಡಚುವುದಿಲ್ಲ, ವಾಪಸ್ ಬರಬೇಕು. ಹಾಕುವಾಗಲೇ ತಪ್ಪಿದರೆ?

2021ರ ಜೂನ್ 18, ಲಂಡನ್‌ನ ಹೀಥ್ರೂ. ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 787ಕ್ಕೆ ಸರಕು ತುಂಬಿಸುತ್ತಿದ್ದರು. ಒಂದು ದೋಷದ ಸಂದೇಶ ಸರಿಪಡಿಸಲು, ಎಲ್ಲ ಗಾಲಿಗಳಿಗೂ ಪಿನ್ ಹಾಕಿ, ಕಾಕ್‌ಪಿಟ್‌ನ ಲಿವರ್ ಎತ್ತಿ ನೋಡಬೇಕಿತ್ತು. ಮೂಗಿನ ಗಾಲಿಯ ಬಳಿ ಇಬ್ಬರು. ಒಬ್ಬರಿಗೆ ಆ ಎತ್ತರ ಎಟುಕಲಿಲ್ಲ. ತೂತು ಎಲ್ಲಿದೆ ಅಂತ ಕೆಳಗಿನಿಂದ ಬೆರಳು ತೋರಿಸಿದರು. ಇನ್ನೊಬ್ಬರು ಏಣಿ ಹತ್ತಿ ಪಿನ್ ಹಾಕಿದರು. ಅಲ್ಲಿ ಇದ್ದದ್ದು ಪಕ್ಕಪಕ್ಕದಲ್ಲಿ ಎರಡು ತೂತು. ಪಿನ್ ಸಲೀಸಾಗಿ ಹೋಯಿತು, ಆದರೆ ಬೇರೆ ತೂತಿಗೆ. ಪಿನ್ ಹಾಕಿದೆಯಾ ಅಂದರೆ ಹಾಕಿದೆ. ಲಿವರ್ ಎತ್ತಿದರು, ಮೂಗಿನ ಗಾಲಿ ಮಡಚಿತು, ಅಷ್ಟು ದೊಡ್ಡ ವಿಮಾನ ಮುಗ್ಗರಿಸಿ ನೆಲಕ್ಕೆ ಬಿತ್ತು. ಇಬ್ಬರಿಗೆ ಸಣ್ಣಪುಟ್ಟ ಗಾಯ, ಅದೃಷ್ಟ.

ಆ ಇನ್ನೊಂದು ತೂತು ಮೋಸ ಮಾಡುತ್ತದೆ ಅಂತ ಮೊದಲೇ ಗೊತ್ತಿತ್ತು. ಅದನ್ನು ಮುಚ್ಚಿಸಿ ಅಂತ ಆದೇಶವೂ ಇತ್ತು. ಗಡುವು ಇನ್ನೂ ಮುಗಿಯದ ಕಾರಣ ಈ ವಿಮಾನದಲ್ಲಿ ಆ ಕೆಲಸ ಆಗಿರಲಿಲ್ಲ.

ನನಗೆ ಇದರಲ್ಲಿ ಕಾಣುವುದು ಬೇಜವಾಬ್ದಾರಿ ಅಲ್ಲ. ತೋರಿಸಿದವರಿಗೆ ಹಾಕಿದವರ ಮೇಲೆ ನಂಬಿಕೆ, ಹಾಕಿದವರಿಗೆ ತೋರಿಸಿದವರ ಮೇಲೆ ನಂಬಿಕೆ. ಎರಡನೆಯ ಕಣ್ಣು ಮಾತ್ರ ಅಲ್ಲಿ ಇರಲಿಲ್ಲ. ಮಣಿಪಾಲದಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಹೊಲಿಗೆ ಹಾಕುವ ಮೊದಲು ಗಾಜ್ ತುಂಡುಗಳನ್ನು ಇಬ್ಬರು ಬಾಯಿಬಿಟ್ಟು ಎಣಿಸುತ್ತಾರೆ. ಲೆಕ್ಕ ಕೂಡದಿದ್ದರೆ ಸರ್ಜನ್ ಎಷ್ಟು ದೊಡ್ಡವರಾದರೂ ಕಾಯಬೇಕು. ವಿಮಾನದಲ್ಲೂ ಹಾಗೆಯೇ, ಅಪಾಯದ ಕೆಲಸ ಮುಗಿದ ಮೇಲೆ ಅದನ್ನು ಮಾಡದ ಇನ್ನೊಬ್ಬರು ಬಂದು ಸ್ವತಃ ನೋಡಿ ಸಹಿ ಹಾಕಬೇಕು. ಗಾಲಿಯ ದೊಡ್ಡ ಭಾಗ ಬಿಚ್ಚಿ ಜೋಡಿಸಿದರೆ ಇಡೀ ವಿಮಾನವನ್ನು ಜಾಕ್ ಮೇಲೆ ಎತ್ತಿ, ಗಾಲಿ ಮಡಚಿ ಬಿಚ್ಚಿ ನೋಡುತ್ತಾರೆ. ಹೈಡ್ರಾಲಿಕ್ ಇಲ್ಲದೆಯೂ ಕೆಳಗೆ ಬರುತ್ತದಾ ಅಂತಲೂ ಪರೀಕ್ಷೆ ಉಂಟು. ಹತ್ತು ವರ್ಷಕ್ಕೆ ಹತ್ತಿರ ಬಂತು ಅಂದರೆ ಸಾಮಾನ್ಯವಾಗಿ ಗಾಲಿಯ ಇಡೀ ಜೋಡಣೆಯನ್ನೇ ಕಳಚಿ ಓವರ್‌ಹಾಲ್. ಮಲ್ಪೆ ಕಡೆ ಮನೆ ಇರುವವರಿಗೆ ಉಪ್ಪುಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆ ಅಂತ ಗೊತ್ತಲ್ಲ, ಆ ತುಕ್ಕಿನ ಹುಡುಕಾಟವೂ ಆಗಲೇ.

ಇನ್ನು ಟೈರ್. ನಿಮ್ಮ ಕಾರಿನ ಟೈರಿಗೆ 32–35 ಪಿಎಸ್‌ಐ ಗಾಳಿ. ಬಜ್ಪೆಗೆ ಬರುವ 737ರ ಟೈರಿಗೆ ಸುಮಾರು 200, ಅದೂ ನೈಟ್ರೋಜನ್. ಒಂದೇ ಆಕ್ಸಲ್‌ನ ಜೋಡಿ ಟೈರಿನಲ್ಲಿ ಒಂದಕ್ಕೆ ಒತ್ತಡ ಕಡಿಮೆಯಾದರೆ ಪಕ್ಕದ್ದು ಭಾರ ಹೊರುತ್ತದೆ. ಹಾಗಾಗಿ ಕಣ್ಣಿಗೆ ಎರಡೂ ಸರಿಯಾಗೇ ಕಾಣುತ್ತವೆ. ಗೇಜ್ ಹಿಡಿಯಲೇಬೇಕು.

1991ರ ಜುಲೈ 11ರಂದು ಜೆದ್ದಾದಲ್ಲಿ ಗೇಜ್ ಹಿಡಿದವರ ಮಾತೇ ನಡೆಯಲಿಲ್ಲ. ನೈಜೀರಿಯಾದ ಹಜ್ ಯಾತ್ರಿಕರನ್ನು ಹೊತ್ತ ಕೆನಡಾದ ನೇಷನ್‌ಏರ್ ಕಂಪೆನಿಯ ಡಿಸಿ-8 ಅದು. ಟೈರಿನಲ್ಲಿ ಒತ್ತಡ ಕಡಿಮೆ ಅಂತ ಮೆಕ್ಯಾನಿಕ್‌ಗಳಿಗೆ ಗೊತ್ತಿತ್ತು. ನೈಟ್ರೋಜನ್ ಕೈಗೆ ಸಿಗಲಿಲ್ಲ, ಕಾದರೆ ವಿಮಾನ ತಡ. ದಾಖಲೆಯಲ್ಲಿ ಅಂಕಿಯನ್ನೇ ತಿದ್ದಿದರು. ಟೇಕಾಫ್ ಓಟದಲ್ಲೇ ಟೈರ್ ಕಾದು ಹೊತ್ತಿಕೊಂಡಿತು. ಗೊತ್ತಿಲ್ಲದ ಪೈಲಟ್‌ಗಳು ಉರಿಯುವ ಗಾಲಿಯನ್ನು ಮಡಚಿ ಒಳಗೆ ಸೇರಿಸಿಕೊಂಡರು. 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹೀಥ್ರೂವಿನದ್ದು ಕಣ್ಣು ತಪ್ಪಿದ್ದು ಅನ್ನಬಹುದು, ಇದನ್ನು ಹಾಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪ್ರಯಾಣಿಕರಷ್ಟೇ ಅಲ್ಲ, ಕೆಳಗೆ ಕೆಲಸ ಮಾಡುವವರೂ ಸಾಯುತ್ತಾರೆ. 2019ರ ಜುಲೈ 10ರ ನಸುಕಿನಲ್ಲಿ ಕೋಲ್ಕತಾದಲ್ಲಿ ಸ್ಪೈಸ್‌ಜೆಟ್‌ನ ಕ್ಯೂ400 ವಿಮಾನದ ಗಾಲಿಯ ಜಾಗದಲ್ಲಿ ಕೆಲಸದಲ್ಲಿದ್ದ ಯುವ ಟೆಕ್ನೀಷಿಯನ್ ಒಬ್ಬರು ಹೈಡ್ರಾಲಿಕ್ ಬಾಗಿಲು ಮುಚ್ಚಿಕೊಂಡು ಪ್ರಾಣ ಬಿಟ್ಟರು. ಆ ಬಾಗಿಲು ಮುಚ್ಚುವುದು ಮನುಷ್ಯ ಕೈ ಎಳೆದುಕೊಳ್ಳುವುದಕ್ಕಿಂತ ಬೇಗ. ಅದಕ್ಕೇ ಬಾಗಿಲಿಗೂ ಪ್ರತ್ಯೇಕ ಲಾಕ್ ಇರುತ್ತದೆ, ಒಳಗೆ ಜನ ಇದ್ದಾರೆ ಅಂತ ಕಾಕ್‌ಪಿಟ್ ಲಿವರಿಗೆ ಎಚ್ಚರಿಕೆಯ ಟ್ಯಾಗ್ ಕಟ್ಟುತ್ತಾರೆ.

ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿ ವಿಮಾನ ರಿಪೇರಿಯ ಎಎಂಇ ಕೋರ್ಸಿಗೆ ಹೋಗುವ ತಮ್ಮ, ತಂಗಿ ನಿಮ್ಮ ಮನೆಯಲ್ಲಿದ್ದರೆ ಸಂಬಳ ಎಷ್ಟು, ಗಲ್ಫಿನಲ್ಲಿ ಕೆಲಸ ಸಿಗ್ತದಾ ಅಂತ ಹೇಗೂ ವಿಚಾರಿಸುತ್ತಾರೆ. ಟ್ರೈನಿಂಗ್‌ಗೆ ಹೋದಲ್ಲಿ ಇನ್ನೊಂದನ್ನೂ ಕೇಳಲಿ: ಲಾಕ್ ಹಾಕದ ಬಾಗಿಲಿನೊಳಗೆ ಹೋಗು ಅಂತ ಸೀನಿಯರ್ ಹೇಳಿದರೆ, ‘ಹೋಗುವುದಿಲ್ಲ ಸರ್’ ಅಂದವನಿಗೆ ಇಲ್ಲಿ ಏನಾಗ್ತದೆ?