ತಾನೊಬ್ಬನೇ ಬಸ್ಸು ಹತ್ತುವಂತಾಗಲಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ಬೌದ್ಧಿಕ ಅಸಾಮರ್ಥ್ಯವಿರುವ ಯುವಕ ಯುವತಿಯರಿಗೆ ಕೆಲಸ ಕಲಿಸುವ ಬೆಂಗಳೂರಿನ ಒಂದು ಕೇಂದ್ರದಲ್ಲಿ ನಾನು ಶಿಕ್ಷಕಿ. ಮೇಣದಬತ್ತಿ, ಕಾಗದದ ಕವರು, ಅಡುಗೆಮನೆಯ ಕೈಕೆಲಸ, ಹೋಟೆಲಿನಲ್ಲಿ ಟೇಬಲ್ ಒರೆಸಿ ಲೋಟ ಜೋಡಿಸುವುದು, ಎಲ್ಲವನ್ನೂ ಅವರು ಚೆನ್ನಾಗಿ ಕಲಿಯುತ್ತಾರೆ. ಕೆಲಸ ಕೊಡುವವರೂ ಸಿಗುತ್ತಾರೆ. ಆಮೇಲೆ ಮನೆಯವರು ಕೇಳುವ ಪ್ರಶ್ನೆ ಒಂದೇ: "ಅಲ್ಲಿಗೆ ದಿನಾ ಕರ್ಕೊಂಡು ಹೋಗೋರು ಯಾರು ಮೇಡಂ?" ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ಇಲಾಖೆಯ ಹತ್ತಿರ ಇದೆ ಎಂದು ನಂಬಿ ಬರೆಯುತ್ತಿದ್ದೇನೆ.

ವಿಕಲಚೇತನರಿಗೆ ಬಸ್ಸು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಗಾಲಿಕುರ್ಚಿ. ಲೋ ಫ್ಲೋರ್ ಬಸ್ಸು, ರ‍್ಯಾಂಪು ಬೇಕೇ ಬೇಕು, ಆ ಬೇಡಿಕೆಯಲ್ಲಿ ನಾನೂ ದನಿಗೂಡಿಸುತ್ತೇನೆ. ನಮ್ಮಲ್ಲಿಗೆ ಬರುವ ಬಹುಪಾಲು ಮಂದಿ ಮೆಟ್ಟಿಲನ್ನೇನೋ ಹತ್ತುತ್ತಾರೆ. ಅವರಿಗೆ ತೊಡಕಾಗುವುದು ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು, ಎಷ್ಟು ಕೊಡಬೇಕು, ಇವತ್ತು ಬಸ್ಸು ಯಾಕೆ ಬೇರೆ ರಸ್ತೆಗೆ ತಿರುಗಿತು ಎಂಬಲ್ಲಿ. ಈ ತೊಡಕು ಕಣ್ಣಿಗೆ ಬೀಳುವಂಥದಲ್ಲ. ಹಾಗಾಗಿ ಬಸ್ಸು ಕೊಳ್ಳುವ ಟೆಂಡರಿನಲ್ಲೂ ಅದಕ್ಕೆ ಜಾಗ ಸಿಗುವುದಿಲ್ಲ.

ಒಬ್ಬ ಹುಡುಗನಿಗೆ ಒಂದು ದಾರಿಯನ್ನು ಹೇಗೆ ಕಲಿಸುತ್ತೇವೆಂದು ಹೇಳುತ್ತೇನೆ. ಮೊದಲು ಮನೆಯಿಂದ ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯುತ್ತೇವೆ. ಬೇಕರಿ, ಅರಳಿಕಟ್ಟೆ, ಪೆಟ್ರೋಲ್ ಬಂಕ್ ಎಂದು ಗುರುತು ಹಿಡಿಸುತ್ತೇವೆ. ಬಸ್ಸಿನ ನಂಬರನ್ನು ಕಾರ್ಡಿನ ಮೇಲೆ ದಪ್ಪಗೆ ಬರೆದುಕೊಟ್ಟು, ಬರುವ ಬಸ್ಸಿನ ಬೋರ್ಡಿನೊಂದಿಗೆ ಹೋಲಿಸಿ ನೋಡಲು ಕಲಿಸುತ್ತೇವೆ. ಬಸ್ಸಿನೊಳಗೆ ಮೊದಮೊದಲು ಪಕ್ಕದಲ್ಲಿ ಕೂರುತ್ತೇವೆ. ಕೆಲವು ವಾರ ಕಳೆದ ಮೇಲೆ ಹಿಂದಿನ ಸೀಟಿಗೆ ಸರಿಯುತ್ತೇವೆ, ಆಮೇಲೆ ಬಾಗಿಲ ಬಳಿಗೆ. ಕೊನೆಗೊಂದು ದಿನ ಅವನನ್ನು ಹತ್ತಿಸಿ, ಇಳಿಯುವ ಸ್ಟಾಪಿನಲ್ಲಿ ಇನ್ನೊಬ್ಬ ಶಿಕ್ಷಕರು ಕಾದು ನಿಲ್ಲುತ್ತಾರೆ. ಇದು ತಿಂಗಳುಗಟ್ಟಲೆ ನಡೆಯುವ ಕೆಲಸ. ಒಮ್ಮೆ ಮೈಗೂಡಿತೆಂದರೆ ಅವರಷ್ಟು ಕರಾರುವಾಕ್ಕಾಗಿ ಓಡಾಡುವ ಪ್ರಯಾಣಿಕರನ್ನು ನಾನು ಕಂಡಿಲ್ಲ.

ಆದರೆ ಮೈಗೂಡಿದ್ದು ಉಳಿಯಬೇಕಾದರೆ ದಾರಿ ನಿನ್ನೆ ಇದ್ದಂತೆ ಇವತ್ತೂ ಇರಬೇಕು. ಮೆಟ್ರೋ ಕಾಮಗಾರಿಗೋ ವೈಟ್ ಟಾಪಿಂಗಿಗೋ ಸ್ಟಾಪು ನೂರು ಅಡಿ ಆಚೆಗೆ ಸರಿದರೆ ನಾವು ನೀವು ಅವರಿವರನ್ನು ಕೇಳಿಕೊಂಡು ಓಡುತ್ತೇವೆ. ನಮ್ಮ ಹುಡುಗ ಹಳೆಯ ಜಾಗದಲ್ಲೇ ನಿಂತಿರುತ್ತಾನೆ, ಅವನ ಬಸ್ಸು ಅವನ ಎದುರಿಗೇ ಹೋಗುತ್ತಿರುತ್ತದೆ. ಸ್ಟಾಪು ಬದಲಾಗುವ ಮುನ್ನ ಹಳೆಯ ಜಾಗದಲ್ಲಿ ಬಾಣದ ಗುರುತಿರುವ ದೊಡ್ಡ ಫಲಕ, ಸುತ್ತಲಿನ ವಿಶೇಷ ಶಾಲೆಗಳಿಗೆ ಒಂದು ವಾರ ಮೊದಲೇ ಒಂದು ಸಂದೇಶ. ಇದಕ್ಕೆ ಎಷ್ಟು ಖರ್ಚಾದೀತು?

ಇನ್ನು ಬೋರ್ಡು. ಈಗಿನ ಡಿಜಿಟಲ್ ಬೋರ್ಡಿನಲ್ಲಿ ಅಕ್ಷರಗಳು ಓಡುತ್ತವೆ, ಕನ್ನಡ ಒಮ್ಮೆ, ಇಂಗ್ಲಿಷ್ ಒಮ್ಮೆ. ನಿಧಾನವಾಗಿ ಓದುವವರು ಅರ್ಧ ಓದುವಷ್ಟರಲ್ಲಿ ಹೆಸರು ಸರಿದುಹೋಗಿರುತ್ತದೆ. ನಂಬರಿಗೆ ಅಂಟಿಕೊಂಡ ಅಕ್ಷರಗಳದು ಇನ್ನೊಂದು ಕಷ್ಟ: ಅಂಕಿ ಅದೇ ಇದ್ದು ಕೊನೆಯ ಅಕ್ಷರವೊಂದು ಬೇರೆಯಾದರೆ ಬಸ್ಸು ಬೇರೆಲ್ಲಿಗೋ ಒಯ್ಯುತ್ತದೆ. ಕನಿಷ್ಠ ನಂಬರಾದರೂ ಒಂದೇ ಕಡೆ ಅಲುಗಾಡದೆ ನಿಂತಿರಲಿ.

ಚಿಲ್ಲರೆ ಇಲ್ಲದಾಗ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದುಕೊಡುವ ರೂಢಿ ನಿಮಗೆ ಗೊತ್ತೇ ಇದೆ. ಇಳಿಯುವಾಗ ಅದನ್ನು ನೆನಪಿಟ್ಟು, ನೂಕುನುಗ್ಗಲಿನಲ್ಲಿ ಕಂಡಕ್ಟರನ್ನು ಹುಡುಕಿ, ಲೆಕ್ಕ ಸರಿಯಿದೆಯೇ ನೋಡಿ ಪಡೆಯುವುದು ಲೆಕ್ಕ ಬಾರದವರಿಗೆ ಆಗದ ಮಾತು. ರಿಯಾಯಿತಿ ಪಾಸು ಈ ಪೇಚನ್ನು ತಪ್ಪಿಸುತ್ತದೆ. ಅದನ್ನು ಮಾಡಿಸಲು ಮನೆಯವರು ಕಚೇರಿಗೆ ಅಲೆಯುವ ಬದಲು, ನಿಮ್ಮ ಸಿಬ್ಬಂದಿ ವರ್ಷಕ್ಕೊಮ್ಮೆ ವಿಶೇಷ ಶಾಲೆಗಳಿಗೇ ಬಂದರೆ ಎಷ್ಟೋ ಉಪಕಾರ.

ಸೀಟಿನ ವಿಷಯವನ್ನು ಹೇಳಲೇಬೇಕು. ಇಪ್ಪತ್ತೈದು ವರ್ಷದ ಮಗನನ್ನು ಕರೆದುಕೊಂಡು ತಾಯಿ ಬಸ್ಸು ಹತ್ತಿದರೆ ಇಬ್ಬರೂ ಎಲ್ಲಿ ಕೂರಬೇಕು? ಮುಂದಿನ ಸೀಟುಗಳು ಹೆಂಗಸರವು. ಅಲ್ಲಿ ಗಂಡಸು ಕೂತರೆ ದಂಡವಿದೆ, ಆ ನಿಯಮ ಸರಿಯೇ. ಹಿಂದೆ ಮಗನೊಬ್ಬನನ್ನೇ ಕೂರಿಸಿದರೆ ಅವನು ಗಾಬರಿಯಾಗುತ್ತಾನೆ. ಮೀಸಲು ಸೀಟಿನಲ್ಲಿ ಕೂತರೆ, ಕೈಕಾಲು ಗಟ್ಟಿಯಾಗಿರುವ ಹುಡುಗನನ್ನು ನೋಡಿ "ಎದ್ದೇಳಪ್ಪ" ಎನ್ನುವವರು ಇದ್ದೇ ಇರುತ್ತಾರೆ. ತಾಯಿ ತುಂಬಿದ ಬಸ್ಸಿನಲ್ಲಿ ಮಗನ ಕಾಯಿಲೆ ಕಥೆ ಹೇಳಬೇಕಾಗುತ್ತದೆ, ಅವನೆದುರಿಗೇ. ವಿಕಲಚೇತನರ ಜೊತೆಗಾರರಿಗೂ ಪಕ್ಕದಲ್ಲೇ ಒಂದು ಸೀಟು ಎಂದು ಬರೆದು ಅಂಟಿಸಿದರೆ ಆ ತಾಯಿ ಬಾಯಿ ತೆರೆಯಬೇಕಾಗಿಲ್ಲ.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಇಂಥ ತಾಯಂದಿರಿಗೆ ನಿಜವಾಗಿಯೂ ನಿರಾಳವಾಯಿತು. ಬೆಳಿಗ್ಗೆ ಬಿಟ್ಟು ಬಂದು, ಸಂಜೆ ಹೋಗಿ ಕರೆತರುವ ನಾಲ್ಕು ಟಿಕೆಟಿನ ದುಡ್ಡು ಉಳಿಯಿತು. ಅದಕ್ಕಾಗಿ ಕೃತಜ್ಞತೆ ಹೇಳುತ್ತೇನೆ. ಆದರೆ ಅರವತ್ತು ದಾಟಿದ, ಮಂಡಿನೋವಿನ ತಾಯಿ ಇನ್ನೆಷ್ಟು ವರ್ಷ ಹೀಗೆ ಹೋಗಿ ಬಂದಾಳು? ಅವಳ ನಂತರ ಯಾರು? ತಾಯಿಯ ಟಿಕೆಟ್ ಉಚಿತವಾಗಿದೆ, ಅವಳ ದಿನವೂ ಅವಳಿಗೆ ಉಳಿಯುವಂತಾಗಬೇಕು.

ಇದು ದಯೆಯ ಮಾತಾಗಿ ಉಳಿದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ನ್ಯೂನತೆಗಳಲ್ಲಿ ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಕಲಿಕಾ ನ್ಯೂನತೆ ಮೂರೂ ಇವೆ. ಅದರ 41ನೇ ಕಲಂ ಸಾರಿಗೆಗೇ ಮೀಸಲು. ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ.

ದಾರಿ ತೋರಿಸಿದವರು ಇದ್ದಾರೆ. ಮೆಕ್ಸಿಕೋ ನಗರದಲ್ಲಿ 1969ರಲ್ಲಿ ಮೆಟ್ರೋ ಶುರುವಾದಾಗ, ಅಕ್ಷರ ಬಾರದವರಿಗೂ ತಿಳಿಯಲೆಂದು ನಿಲ್ದಾಣಕ್ಕೊಂದು ಚಿತ್ರ ಕೊಟ್ಟರು. ಚಪುಲ್ಟೆಪೆಕ್ ನಿಲ್ದಾಣದ್ದು ಮಿಡತೆ. ಅಷ್ಟು ದೂರವೇಕೆ, ನಮ್ಮ ಮೊದಲ ಮಹಾಚುನಾವಣೆಯಲ್ಲೇ ಈ ದೇಶ ಚಿಹ್ನೆಗಳನ್ನು ನಂಬಿ ಓದು ಬಾರದ ಕೋಟ್ಯಂತರ ಜನರಿಂದ ಮತ ಹಾಕಿಸಿತು. ನಮ್ಮ ಮೆಟ್ರೋದಲ್ಲಿ ನೇರಳೆ, ಹಸಿರು, ಹಳದಿ ಎಂದು ಬಣ್ಣ ಹಿಡಿದು ನಮ್ಮ ಹುಡುಗರು ಬೇಗ ಕಲಿಯುತ್ತಾರೆ, ಮುಂದಿನ ನಿಲ್ದಾಣದ ಹೆಸರೂ ಅಲ್ಲಿ ಕೇಳಿಸುತ್ತದೆ. ಬಸ್ ಸ್ಟಾಪಿಗೂ ಚಿತ್ರ ಬರಲಿ: ಲಾಲ್‌ಬಾಗಿಗೆ ಗಾಜಿನ ಮನೆ, ಬಸವನಗುಡಿಗೆ ದೊಡ್ಡ ಬಸವಣ್ಣ, ಮಾರ್ಕೆಟ್ಟಿಗೆ ಹೂವಿನ ಕುಕ್ಕೆ. ಊರಿಗೆ ಹೊಸದಾಗಿ ಬಂದ ಕಟ್ಟಡ ಕಾರ್ಮಿಕನಿಗೂ, ಅಕ್ಷರ ಕಲಿಯದ ಅಜ್ಜಿಗೂ ಅದು ದಾರಿ ಹೇಳುತ್ತದೆ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಣ್ಣಿಗೆ ಕಾಣದ ನ್ಯೂನತೆ ಇರುವವರಿಗೆ ಕೊರಳಿಗೆ ಹಾಕಿಕೊಳ್ಳುವ ಸೂರ್ಯಕಾಂತಿ ಚಿತ್ರದ ಪಟ್ಟಿ ಕೊಡುತ್ತಾರೆ, ಸಿಬ್ಬಂದಿ ಅದನ್ನು ನೋಡಿ ನೆರವಾಗಲಿ ಎಂದು. ಬಸ್ಸಿನಲ್ಲಿ ಕೊರಳ ಪಟ್ಟಿ ಬೇಡವೆಂದೇ ನನ್ನ ಅಭಿಪ್ರಾಯ. ಹೆಣ್ಣುಮಕ್ಕಳ ಮಟ್ಟಿಗೆ ಅದು ಅಪಾಯಕ್ಕೂ ದಾರಿಯಾಗಬಹುದು. ಜೇಬಿನಿಂದ ತೆಗೆದು ಕಂಡಕ್ಟರಿಗೆ ತೋರಿಸುವ ಒಂದು ಕಾರ್ಡು ಸಾಕು: "ನನಗೆ ನಿಧಾನವಾಗಿ ಹೇಳಿ. ನಾನು ಇಳಿಯುವುದು ಇಲ್ಲಿ." ಆ ಕಾರ್ಡು ಕಂಡಾಗ ಏನು ಮಾಡಬೇಕೆಂಬುದು ಕಂಡಕ್ಟರಿಗೂ ಚಾಲಕರಿಗೂ ತರಬೇತಿಯಲ್ಲೇ ಗೊತ್ತಾಗಬೇಕು. ಎಲೆಕ್ಟ್ರಿಕ್ ಬಸ್ಸುಗಳ ಚಾಲಕರು ಗುತ್ತಿಗೆ ಕಂಪನಿಗಳ ನೌಕರರಾದ್ದರಿಂದ ಈ ತರಬೇತಿ ಗುತ್ತಿಗೆಯ ಷರತ್ತಿನಲ್ಲೇ ಸೇರಬೇಕು. ಇಲ್ಲವಾದರೆ ಬಸ್ಸಿನ ಒಂದು ತುದಿಗೆ ಗೊತ್ತಿರುವುದು ಇನ್ನೊಂದು ತುದಿಗೆ ಗೊತ್ತಿರುವುದಿಲ್ಲ.

ಎಲ್ಲವನ್ನೂ ಎಲ್ಲ ಕಡೆ ಒಟ್ಟಿಗೆ ಕೇಳುತ್ತಿಲ್ಲ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335-ಇ ಆಗಬಹುದು, ಬೇರೆಯದೂ ಆಗಬಹುದು, ಒಂದೇ ಮಾರ್ಗದಲ್ಲಿ ಒಂದು ವರ್ಷ ಮಾಡಿ ನೋಡೋಣ. ಮಾರ್ಗ ಯಾವುದು, ಡಿಪೋ ಯಾವುದು ಎಂದು ತಿಳಿಸಿ. ಪಾಳಿ ಬದಲಾಗುವ ಹೊತ್ತಿಗೆ ನಮ್ಮ ಹುಡುಗ ಹುಡುಗಿಯರನ್ನು ಅಲ್ಲಿಗೆ ಕರೆತರುತ್ತೇನೆ. ಬಸ್ಸಿನಲ್ಲಿ ಏನು ಅರ್ಥವಾಗುತ್ತದೆ, ಏನು ಆಗುವುದಿಲ್ಲ ಎಂದು ಅವರೇ ನಿಮ್ಮ ಸಿಬ್ಬಂದಿಗೆ ಹೇಳಲಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ವಿಶ್ವಾಸಪೂರ್ವಕ,
ಒಬ್ಬ ವಿಶೇಷ ಶಿಕ್ಷಕಿ, ಬೆಂಗಳೂರು