ಮರದ ಇಳುವರಿಗೆ ಮಳೆಯ ಲೆಕ್ಕವೊಂದೇ ಸಾಲದು

ವಾರ್ಷಿಕ ಮಳೆಯ ಪ್ರಮಾಣ ತಿಳಿದರೆ ನೀಲಗಿರಿ ನೆಡುತೋಪಿನ ಇಳುವರಿಯನ್ನು ಮುಂಚಿತವಾಗಿಯೇ ಲೆಕ್ಕಹಾಕಬಹುದೆಂದು ಹಲವರು ನಂಬಿರುವರು. ಇದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ.

ಬೆಂಗಳೂರಿಗೆ ಸಮೀಪದ ಹೊಸಕೋಟೆಯ ಉದಾಹರಣೆಯನ್ನು ನೋಡಿರಿ. ಇಯಾನ್ ಕಾಲ್ಡರ್ ಮತ್ತು ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಅಲ್ಲಿ ಮೂರು ವರ್ಷಗಳಲ್ಲಿ ಬಿದ್ದ ಮಳೆ ಸುಮಾರು 2,100 ಮಿಲ್ಲಿಮೀಟರು. ಆಳವಾದ ಮಣ್ಣಿನಲ್ಲಿದ್ದ ಎಳೆಯ ನೀಲಗಿರಿ ಬಳಸಿದ ನೀರು ಸುಮಾರು 3,400. ಹೆಚ್ಚಿನ 1,300 ಮಿಲ್ಲಿಮೀಟರು ಎಲ್ಲಿಂದ ಬಂದಿತು? ಬೇರುಗಳು ವರ್ಷ ವರ್ಷವೂ ಕೆಳಗಿಳಿದು, ಹಿಂದಿನ ಮಳೆಗಾಲಗಳು ಕೂಡಿಟ್ಟಿದ್ದ ತೇವವನ್ನು ಹೀರಿದ್ದವು. ಹೆಕ್ಟೇರಿಗೆ 1 ಮಿಲ್ಲಿಮೀಟರೆಂದರೆ 10,000 ಲೀಟರು. ಆದ್ದರಿಂದ ಈ ಕೊರತೆ ಹೆಕ್ಟೇರಿಗೆ 1.3 ಕೋಟಿ ಲೀಟರು!

ಎಂದರೆ, ಇಂತಹ ನೆಲದ ಮೊದಲ ಕಟಾವಿನಲ್ಲಿ ಬಡ್ಡಿಯೊಡನೆ ಅಸಲೂ ಸೇರಿರುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು, ಕೂಳೆಯಿಂದ ಚಿಗುರುವ ಎರಡನೆಯ ಬೆಳೆಯನ್ನು ಅಂದಾಜು ಮಾಡಿದರೆ ರೈತನು ಮೋಸಹೋಗುವನು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ವರ್ಷದ ಮಳೆ ಸುಮಾರು 600 ಮಿಲ್ಲಿಮೀಟರು ಮಾತ್ರ. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯುಂಟು. ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಹೊಲಗಳಿಗೆ ಮುಗಿಲೇ ಗತಿ. ಮಳೆ ಒಂದೇ ಆದರೂ ಆಳವಾದ ಎರೆಭೂಮಿಯಲ್ಲಿ ನಿಲ್ಲುವ ತೇವ ಬೇರೆ, ತೆಳುವಾದ ಮಸಾರಿಯಲ್ಲಿ ನಿಲ್ಲುವ ತೇವ ಬೇರೆ.

ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಿಂದಲೇ ಪ್ರಶ್ನೆ ಮುಗಿಯಲಿಲ್ಲ; ಬೇಗ ಬೆಳೆಯುವ ಬೇರಾವ ಮರವನ್ನು ತಂದರೂ ಅದು ಮರಳಿ ಏಳುವುದು. ಆದುದರಿಂದ ಇಳುವರಿಯ ಗಣಿತದಲ್ಲಿ ಮಳೆಯ ಜೊತೆಗೆ ಮಣ್ಣಿನ ಆಳ, ಬೇರಿನ ಆಳ, ಕಟಾವಿನ ನಂತರ ನೆಲದಲ್ಲಿ ಉಳಿದ ತೇವ, ಇವು ಮೂರೂ ಸೇರಲೇಬೇಕು. ಮರವನ್ನು ಅಳೆದವರು ನೀರನ್ನೂ ಅಳೆಯಲಿ.